ಜಗತ್ತಿನ ಮೊದಲ ಡ್ರೈವ್-ಇನ್ ಥಿಯೇಟರ್ ಮೂರೇ ವರ್ಷಕ್ಕೆ ಮುಚ್ಚಿದ್ದು ಯಾಕೆ? (ಕ್ಯಾಮ್ಡೆನ್, ನ್ಯೂಜೆರ್ಸಿ, 1933)

ಬಯಲುಪರದೆ

ಕಾರಿನಲ್ಲೇ ಕೂತು ಬಯಲಿನ ಪರದೆಯಲ್ಲಿ ಸಿನಿಮಾ ನೋಡುವ ಡ್ರೈವ್-ಇನ್ ಅಂದರೆ ಎಲ್ಲರಿಗೂ 1950ರ ದಶಕದ ರೆಕ್ಕೆಬಾಲದ ಕಾರುಗಳೇ ಕಣ್ಮುಂದೆ ಬರುತ್ತವೆ. ಆದರೆ ಅದು ಶುರುವಾಗಿದ್ದು 1933ರ ಜೂನ್ 6ರಂದು, ಅಮೆರಿಕದ ಆರ್ಥಿಕ ಕುಸಿತ ಹದಗೆಟ್ಟಿದ್ದ ಕಾಲದಲ್ಲಿ, ನ್ಯೂಜೆರ್ಸಿಯ ಕ್ಯಾಮ್ಡೆನ್ ಪಕ್ಕದಲ್ಲಿ. ಕಟ್ಟಿದವನು ರಿಚರ್ಡ್ ಹಾಲಿಂಗ್ಸ್‌ಹೆಡ್. 400 ಕಾರಿನ ಜಾಗ, 40 ಅಡಿಗೆ 50 ಅಡಿಯ ಪರದೆ. ಮೂರು ವರ್ಷದಲ್ಲಿ ಕಥೆ ಮುಗಿಯಿತು. ವಿಚಿತ್ರ ಅಂದರೆ ಇದೇ ಕಲ್ಪನೆ ಮುಂದೆ 1958ರ ಹೊತ್ತಿಗೆ ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ಥಿಯೇಟರುಗಳಾಗಿ ಬೆಳೆಯಿತು.

ಹಾಗಾದರೆ ಮೊದಲನೆಯದಕ್ಕೆ ಏನಾಯಿತು? ‘ಕಾಲಕ್ಕಿಂತ ಮುಂದಿತ್ತು’ ಅನ್ನುವ ಉತ್ತರ ಬೇಡ, ಅದರಿಂದ ಏನೂ ತಿಳಿಯುವುದಿಲ್ಲ. ಶಬ್ದ, ಬೆಳಕು, ನೆಲ, ದುಡ್ಡು, ಕಾನೂನು, ಇವುಗಳಲ್ಲಿ ಯಾವುದು ಕೈಕೊಟ್ಟಿತು ಅಂತ ಬಲ್ಲವರು ಲೆಕ್ಕ ಸಮೇತ ಬರೆಯಿರಿ.

ಹಳೇಪ್ರಿಂಟ್

ಮೊದಲು ಹಿನ್ನೆಲೆ ಹಾಕಿಬಿಡುತ್ತೇನೆ, ಆಮೇಲೆ ತಾಂತ್ರಿಕರು ಮುಂದುವರಿಸಲಿ.

ಹಾಲಿಂಗ್ಸ್‌ಹೆಡ್ ಸಿನಿಮಾದವನಲ್ಲ. ಅವನ ಮನೆತನದ್ದು ಕ್ಯಾಮ್ಡೆನ್ನಿನಲ್ಲಿ ‘ವಿಜ್’ ಹೆಸರಿನ ಕಾರ್ ಪಾಲಿಶು, ಗ್ರೀಸು, ಎಣ್ಣೆಗಳ ಕಾರ್ಖಾನೆ. ಅವನ ಮೊದಲ ಯೋಜನೆ ಒಂದು ಐಷಾರಾಮಿ ಪೆಟ್ರೋಲ್ ಬಂಕು: ಕಾರಿಗೆ ಎಣ್ಣೆ ತುಂಬುವಷ್ಟು ಹೊತ್ತು ಗಿರಾಕಿಗೆ ಊಟ, ಜೊತೆಗೆ ಸಿನಿಮಾ. ಕಷ್ಟಕಾಲದಲ್ಲೂ ಜನ ಕೊನೆಯವರೆಗೂ ಬಿಡದ ವಸ್ತು ನಾಲ್ಕು, ಊಟ, ಬಟ್ಟೆ, ಕಾರು, ಸಿನಿಮಾ ಅನ್ನುವುದು ಅವನ ತರ್ಕ. ಕೊನೆಗೆ ಬಂಕು ಬಿಟ್ಟುಹೋಯಿತು, ಸಿನಿಮಾ ಉಳಿಯಿತು.

ಪ್ರಯೋಗ ನಡೆದಿದ್ದು ರಿವರ್ಟನ್‌ನ ಅವನ ಮನೆಯಂಗಳದಲ್ಲೇ. ಕಾರಿನ ಬಾನೆಟ್ ಮೇಲೆ 1928ರ ಕೊಡಾಕ್ ಪ್ರೊಜೆಕ್ಟರು, ಎರಡು ಮರಕ್ಕೆ ಕಟ್ಟಿದ ಬಿಳಿ ಹೊದಿಕೆ, ಅದರ ಹಿಂದೆ ಒಂದು ರೇಡಿಯೋ. ಕಾರಿನ ಗಾಜು ಇಳಿಸಿ, ಏರಿಸಿ, ಅರ್ಧ ಬಿಟ್ಟು ಶಬ್ದ ಹೇಗೆ ಕೇಳುತ್ತದೆ ಅಂತ ನೋಡಿದ. ಮಳೆಯಲ್ಲಿ ಚಿತ್ರ ಕಾಣುತ್ತದೆಯೇ ಅನ್ನುವುದಕ್ಕೆ ಹುಲ್ಲಿಗೆ ನೀರು ಚಿಮ್ಮಿಸುವ ಯಂತ್ರವನ್ನು ಗಾಜಿನ ಮೇಲೆ ಬಿಟ್ಟ. ಹಿಂದಿನ ಕಾರಿನವರಿಗೆ ಮುಂದಿನ ಕಾರು ಅಡ್ಡ ಬಂದಾಗ ಚಕ್ರದ ಕೆಳಗೆ ಮರದ ದಿಮ್ಮಿ ಇಟ್ಟು ಎಷ್ಟು ಎತ್ತಿದರೆ ಸಾಕು ಅಂತ ಅಳೆದ. ಈ ದಿಮ್ಮಿಯ ಲೆಕ್ಕವೇ ಪೇಟೆಂಟಾಯಿತು: ಅರ್ಜಿ 1932ರ ಆಗಸ್ಟ್ 6, ಮಂಜೂರಾಗಿದ್ದು 1933ರ ಮೇ 16, ಸಂಖ್ಯೆ 1,909,537. ಮೂರು ವಾರಕ್ಕೆ ಥಿಯೇಟರ್ ತೆರೆಯಿತು.

ಜಾಗದ ಬಗ್ಗೆ: ಪತ್ರಿಕೆಗಳೆಲ್ಲ ‘ಕ್ಯಾಮ್ಡೆನ್’ ಅಂತಲೇ ಬರೆಯುತ್ತವೆ, ಆದರೆ ನೆಲ ಇದ್ದದ್ದು ಪೆನ್ಸಾಕನ್ ಟೌನ್‌ಶಿಪ್ ವ್ಯಾಪ್ತಿಯಲ್ಲಿ. 1926ರಲ್ಲಿ ಡೆಲವೇರ್ ನದಿಗೆ ಸೇತುವೆ ಆದಮೇಲೆ ಫಿಲಡೆಲ್ಫಿಯಾದ ಕಾರುಗಳೆಲ್ಲ ಈ ಹೆದ್ದಾರಿಗೇ ಇಳಿಯುತ್ತಿದ್ದವು. ಗಿರಾಕಿ ಸಿಗುವ ದೃಷ್ಟಿಯಿಂದ ಜಾಗದ ಆಯ್ಕೆಯನ್ನು ಯಾರೂ ತೆಗಳುವ ಹಾಗಿಲ್ಲ.

ದರ: ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್, ಎಷ್ಟೇ ಜನ ಇದ್ದರೂ ಒಂದು ಡಾಲರಿಗೆ ಮೇಲಿಲ್ಲ.

ಧ್ವನಿಪೆಟ್ಟಿಗೆ

ನನ್ನ ಮತ ಶಬ್ದಕ್ಕೆ. ಕಾರಿನೊಳಗೆ ನೇತುಹಾಕುವ ಸ್ಪೀಕರನ್ನು ಆರ್‌ಸಿಎ ಅನ್ನುವ ಅಮೆರಿಕದ ರೇಡಿಯೋ-ಸ್ಪೀಕರ್ ಕಂಪನಿ ತಂದಿದ್ದು 1941ರಲ್ಲಿ. 1933ರಲ್ಲಿ ಅದು ಇರಲಿಲ್ಲ. ಹಾಲಿಂಗ್ಸ್‌ಹೆಡ್ ಮಾಡಿದ್ದು ಇಷ್ಟು: ಅದೇ ಕ್ಯಾಮ್ಡೆನ್ನಿನಲ್ಲಿದ್ದ ಆರ್‌ಸಿಎ ವಿಕ್ಟರ್‌ನಿಂದ ಆರಡಿ ಚದರದ ಮೂರು ದೊಡ್ಡ ಸ್ಪೀಕರ್ ತರಿಸಿ ಪರದೆಯ ಬಳಿ ಕೂರಿಸಿದ. ‘ದಿಕ್ಕು ಹಿಡಿದ ಶಬ್ದ’ ಅಂತ ಜಾಹೀರಾತು. ಹೆಸರು ಚೆನ್ನಾಗಿದೆ, ಭೌತಶಾಸ್ತ್ರ ಒಪ್ಪುವುದಿಲ್ಲ.

ಏಳು ಸಾಲು ಕಾರು. ಮೊದಲ ಸಾಲು ಪರದೆಯಿಂದ 30 ಮೀಟರ್, ಸಾಲಿಂದ ಸಾಲಿಗೆ 15 ಮೀಟರ್ ಅಂತ ಇಟ್ಟುಕೊಳ್ಳಿ. ಕೊನೆಯ ಸಾಲು 120 ಮೀಟರಿನಲ್ಲಿ ಬೀಳುತ್ತದೆ. ಬಯಲಲ್ಲಿ ದೂರ ಇಮ್ಮಡಿಯಾದರೆ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. 30ರಿಂದ 120ಕ್ಕೆ ಎರಡು ಸಲ ಇಮ್ಮಡಿ, ಅಂದರೆ 12 ಡೆಸಿಬೆಲ್. ಕೊನೆಯ ಸಾಲಿನವರಿಗೆ ಸಂಭಾಷಣೆ ತಿಳಿಯಲು ಕಾರಿನ ಹೊರಗೆ 70 ಡೆಸಿಬೆಲ್ ಬೇಕು ಅಂದರೆ ಮೊದಲ ಸಾಲಿನವರ ಕಿವಿಗೆ 82. ಇದು ಗಾಜು ಇಳಿಸಿದವರ ಮಾತು. ಗಾಜು ಏರಿಸಿದರೆ ಇನ್ನೂ 15-20 ಡೆಸಿಬೆಲ್ ಕಳೆಯಿರಿ. ಮಳೆ ಬಂದರೆ, ಚಳಿಯಾದರೆ ಗಾಜು ಏರಿಸಲೇಬೇಕಲ್ಲ?

ಈಗ ಹೊರಗಿನವರ ಪಾಡು ನೋಡಿ. ಅದೇ ಶಬ್ದ 480 ಮೀಟರ್ ದೂರದ ಮನೆಗೆ 58 ಡೆಸಿಬೆಲ್ಲಿನಲ್ಲಿ ತಲುಪುತ್ತದೆ. ಅದು ಎದುರಿಗೆ ಕೂತು ಮಾತಾಡುವಷ್ಟು ಜೋರು. ರಾತ್ರಿ ನೆಲದ ಪಕ್ಕದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿದ್ದರೆ ಶಬ್ದ ಮೇಲೆ ಹೋಗಿ ಚದುರುವ ಬದಲು ಬಾಗಿ ನೆಲಕ್ಕೇ ಮರಳುತ್ತದೆ, ಇನ್ನೂ ದೂರ ಹೋಗುತ್ತದೆ. ಬೇಸಿಗೆಯ ನಿರ್ಮಲ ರಾತ್ರಿಗಳಲ್ಲಿ, ಅಂದರೆ ಡ್ರೈವ್-ಇನ್ ತುಂಬುವ ರಾತ್ರಿಗಳಲ್ಲೇ, ಇದು ಹೆಚ್ಚು. ಒಳಗಿನವರಿಗೆ ಕೇಳುವುದಿಲ್ಲ, ಹೊರಗಿನವರಿಗೆ ನಿದ್ದೆಯಿಲ್ಲ.

ಅದೂ ಸಾಲದು ಅಂತ ಕ್ಯಾಮ್ಡೆನ್ನಿನ ಸೆಂಟ್ರಲ್ ಏರ್‌ಪೋರ್ಟ್ ಅದೇ ಪೆನ್ಸಾಕನ್‌ನಲ್ಲಿ 1929ರಿಂದ ನಡೆಯುತ್ತಿತ್ತು. ಆಗ ಫಿಲಡೆಲ್ಫಿಯಾ ಕಡೆಯ ಮುಖ್ಯ ವಿಮಾನ ನಿಲ್ದಾಣವೇ ಅದು.

ಕೊನೆಯದು ತುಟಿಹೊಂದಾಣಿಕೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 120 ಮೀಟರ್ ದಾಟಲು 0.35 ಸೆಕೆಂಡು. ಚಿತ್ರ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಓಡುತ್ತದೆ. ಅಂದರೆ ಕೊನೆಯ ಸಾಲಿನಲ್ಲಿ ಮಾತು ತುಟಿಗಿಂತ 8 ಚೌಕಟ್ಟು ಹಿಂದೆ. ಮೊದಲ ಸಾಲಿನಲ್ಲಿ 2 ಚೌಕಟ್ಟು ಮಾತ್ರ.

ಗಾಂಧಿನಗರ_ಗೇಟ್‌ಕೀಪರ್

ಧ್ವನಿಪೆಟ್ಟಿಗೆ ಅವರೇ, ಆಪರೇಟರು ಶಬ್ದವನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳಬಹುದಿತ್ತಲ್ಲ? ಪ್ರೊಜೆಕ್ಟರಿನ ಕೆಳಗಿನ ಲೂಪ್, ಅಂದರೆ ಫಿಲಂ ಸಡಿಲ ಬಿಟ್ಟ ಬಳುಕು, ಚಿಕ್ಕದು ಮಾಡಿದರೆ ಆಯಿತು. ನಮ್ಮ ಸಿಂಗಲ್ ಸ್ಕ್ರೀನ್‌ಗಳಲ್ಲಿ ಲೂಪ್ ತಪ್ಪಿದರೆ ತುಟಿ ತಪ್ಪುವುದು ಗೊತ್ತಿರುವ ವಿಷಯವೇ.

ಆರ್ಕ್‌ದೀಪ

ಉತ್ತರ ನಾನು ಕೊಡುತ್ತೇನೆ, ಇದು ಪ್ರೊಜೆಕ್ಟರ್ ಕೋಣೆಯ ವಿಷಯ.

35 ಎಂಎಂ ಪ್ರಿಂಟಿನಲ್ಲಿ ಒಂದು ಚೌಕಟ್ಟಿಗೆ ಸೇರಿದ ಶಬ್ದ ಅದರ ಪಕ್ಕದಲ್ಲೇ ಇರುವುದಿಲ್ಲ, 21 ಚೌಕಟ್ಟು ಮುಂದೆ ಇರುತ್ತದೆ. ಚಿತ್ರ ಗೇಟಿನಲ್ಲಿ (ದೀಪದ ಮುಂದಿನ ಕಿಂಡಿ) ಒಂದೊಂದು ಚೌಕಟ್ಟೂ ನಿಂತು ನಿಂತು ಇಳಿಯಬೇಕು, ಶಬ್ದದ ಪಟ್ಟಿ ಸೌಂಡ್ ಹೆಡ್ಡಿನಲ್ಲಿ (ಶಬ್ದ ಓದುವ ಭಾಗ) ಒಂದೇ ಸಮನೆ ಓಡಬೇಕು. ಎರಡನ್ನೂ ಒಂದೇ ಜಾಗದಲ್ಲಿ ಮಾಡಲಾಗದು. ನಡುವಿನ ಸಡಿಲವೇ ಕೆಳಗಿನ ಲೂಪು. ಗೇಟಿನಿಂದ ಸೌಂಡ್ ಹೆಡ್ಡಿಗೆ ಸರಿಯಾಗಿ 21 ಚೌಕಟ್ಟು ಬಿಟ್ಟರೆ ಸ್ಪೀಕರ್ ಬಾಯಲ್ಲಿ ಶಬ್ದ-ಚಿತ್ರ ಒಟ್ಟಿಗೆ. 20 ಬಿಟ್ಟರೆ ಶಬ್ದ ಒಂದು ಚೌಕಟ್ಟು ಮೊದಲೇ ಹೊರಡುತ್ತದೆ. ಒಂದು ಚೌಕಟ್ಟಿನ ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ 14 ಮೀಟರ್ ಹೋಗುತ್ತದೆ, ಹಾಗಾಗಿ ಮಾಮೂಲಿ ಥಿಯೇಟರಿನ ನಡುಸೀಟಿಗೆ ಸರಿಹೋಗುತ್ತದೆ.

ಕೊನೆಯ ಸಾಲಿಗೆ 8 ಚೌಕಟ್ಟು ಎಳೆಯಬೇಕು ಅಂದರೆ ಲೂಪಿನಿಂದ 32 ರಂಧ್ರದಷ್ಟು, ಸುಮಾರು 15 ಸೆಂಟಿಮೀಟರ್ ಫಿಲಂ ಕಡಿಮೆ ಮಾಡಬೇಕು. ಲೂಪೇ ಉಳಿಯುವುದಿಲ್ಲ. ಲೂಪು ಬಿಗಿಯಾದರೆ ಗೇಟಿನ ಕೆಳಗಿನ ಹಲ್ಲುಚಕ್ರ ಎಳೆದ ಏಟಿಗೆ ರಂಧ್ರ ಹರಿಯುತ್ತದೆ, ಶಬ್ದ ನಡುಗುತ್ತದೆ. ಆಗಿನದು ನೈಟ್ರೇಟ್ ಫಿಲಂ ಬೇರೆ. ತುಂಡಾಗಿ ಗೇಟಿನಲ್ಲಿ ನಿಂತರೆ ದೀಪದ ಕಾವಿಗೆ ಹೊತ್ತಿಕೊಳ್ಳುತ್ತದೆ. ಇಷ್ಟೆಲ್ಲ ಮಾಡಿ ಹಿಂದಿನವರಿಗೆ ಸರಿಮಾಡಿದರೂ ಮೊದಲ ಸಾಲಿನವರಿಗೆ ನಟ ಬಾಯಿ ತೆರೆಯುವ ಮೊದಲೇ ಮಾತು ಕೇಳಿಸುತ್ತದೆ. ತಡವಾದ ಮಾತನ್ನು ಮನಸ್ಸು ಸಹಿಸುತ್ತದೆ, ಮೊದಲೇ ಬಂದ ಮಾತನ್ನು ಸಹಿಸುವುದಿಲ್ಲ.

ಬೆಳಕಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 50 ಅಡಿ ಅಗಲಕ್ಕೆ 1.37ರ ಅನುಪಾತದ (ಅಗಲ ಎತ್ತರದ 1.37 ಪಟ್ಟು) ಚಿತ್ರ ಹಾಕಿದರೆ ಎತ್ತರ ಮೂವತ್ತಾರೂವರೆ ಅಡಿ, ಒಟ್ಟು 1,825 ಚದರಡಿ. ಇಂದು ಒಳಾಂಗಣ ಥಿಯೇಟರಿಗೆ ಒಪ್ಪಿದ ಬೆಳಕು, ಪ್ರೊಜೆಕ್ಟರಿನಲ್ಲಿ ಫಿಲಂ ಇಲ್ಲದಾಗ, 16 ಫುಟ್-ಲ್ಯಾಂಬರ್ಟ್ (ಪರದೆ ಎಷ್ಟು ಹೊಳೆಯುತ್ತದೆ ಅನ್ನುವ ಅಳತೆ). ಬಿಳಿ ಬಣ್ಣದ ಗೋಡೆಗೆ ಅಷ್ಟು ಬೇಕಾದರೆ 29,000 ಲ್ಯೂಮೆನ್ (ಒಟ್ಟು ಬೆಳಕಿನ ಅಳತೆ) ಮೇಲೆ. ಆ ಕಾಲದ ಪ್ರೊಜೆಕ್ಟರಿನ ಕಾರ್ಬನ್ ಆರ್ಕು ದೀಪ ಪರದೆಗೆ ಮುಟ್ಟಿಸುತ್ತಿದ್ದದ್ದು ಕೆಲವೇ ಸಾವಿರ. 4 ಫುಟ್-ಲ್ಯಾಂಬರ್ಟ್ ಸಿಕ್ಕಿದರೆ ಪುಣ್ಯ ಅನ್ನಬೇಕು. ಅಂದರೆ ಪರದೆ ಮೇಲೆ ಬೀಳುವ ಬೆಳಕು 43 ಲಕ್ಸ್.

ಸೂರ್ಯ ಮುಳುಗಿ ಅರ್ಧ ಗಂಟೆಗೆ ಆಕಾಶದ ಬೆಳಕು ಇನ್ನೂ 3 ಲಕ್ಸ್ ಹತ್ತಿರ ಇರುತ್ತದೆ. ಅಂದರೆ ಅತಿ ಬಿಳಿಗೂ ಅತಿ ಕಪ್ಪಿಗೂ ಅಂತರ 14 ಪಟ್ಟು. ರಾತ್ರಿಯ ದೃಶ್ಯ ಇರುವ ಚಿತ್ರವಾದರೆ ಬೂದು ಗೋಡೆ ನೋಡಿದ ಹಾಗೆ. ಹುಣ್ಣಿಮೆ ಚಂದ್ರನಿಂದ ಕಾಲು ಲಕ್ಸ್ ಅಷ್ಟೇ, ಅವನಿಂದ ತೊಂದರೆಯಿಲ್ಲ. ತೊಂದರೆ ಕೊಡುವುದು ತಡವಾಗಿ ಬರುವ ಕಾರಿನ ಹೆಡ್‌ಲೈಟು. 20,000 ಕ್ಯಾಂಡೆಲಾದ ದೀಪ 60 ಮೀಟರಿನಿಂದ ಪರದೆಗೆ ಬಿದ್ದರೆ ಅಲ್ಲೊಂದು ಐದು ಲಕ್ಸಿನ ಮಚ್ಚೆ. ಇಳಿಜಾರಿನ ಮೇಲೆ ಕಾರಿನ ಮೂತಿ ಎದ್ದಿರುತ್ತದೆ, ದೀಪ ನೇರ ಪರದೆಗೇ ಗುರಿ.

ಒಂದು ಪಕ್ಕದ ಮಾತು: ಆರ್ಕು ಅಂದರೆ ಗುಂಡಿ ಒತ್ತಿ ಬಿಡುವುದಲ್ಲ. ಕಾರ್ಬನ್ ಕಡ್ಡಿ ಉರಿದು ಸವೆದ ಹಾಗೆ ಅಂತರ ಸರಿಪಡಿಸುತ್ತಾ ಇರಬೇಕು, ಹೊಗೆಗೆ ಚಿಮಣಿ ಬೇಕು, ನೇರ ವಿದ್ಯುತ್ತಿಗೆ ಜನರೇಟರು ಅಥವಾ ರೆಕ್ಟಿಫೈಯರ್ ಬೇಕು. ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. 1,000 ಅಡಿ ರೀಲು ಹನ್ನೊಂದು ನಿಮಿಷ. ಎರಡು ಪ್ರೊಜೆಕ್ಟರ್ ಇಟ್ಟು ಪರದೆಯ ಬಲಮೇಲ್ತುದಿಯಲ್ಲಿ ಚುಕ್ಕಿ ಬಂದಾಗ ಬದಲಾಯಿಸಬೇಕು. ನಮ್ಮ ಟೆಂಟ್ ಟಾಕೀಸುಗಳ ಆಪರೇಟರುಗಳು ಮಾಡುತ್ತಿದ್ದದ್ದೂ ಇದೇ ಕೆಲಸ. ಬಯಲಿನಲ್ಲಿ ಹೆಚ್ಚಿನ ಕಾಟ ಹುಳ: ಬೆಳಕಿನ ಕಿಂಡಿಗೆ ಮುತ್ತಿಕೊಂಡ ಪತಂಗದ ನೆರಳು ಪರದೆ ಮೇಲೆ ಹದ್ದಿನಷ್ಟು ಕಾಣುತ್ತದೆ.

ಇಳಿಜಾರು

ಈಗ ಕಾರಿನ ಮುಂಚಕ್ರ ಏರಿಸಿ ನಿಲ್ಲಿಸುವ ಮಣ್ಣಿನ ದಿಬ್ಬದ ವಿಷಯ. ಎಲ್ಲರೂ ಬರೆಯುವುದು ‘ಮುಂದಿನ ಕಾರು ಅಡ್ಡ ಬಾರದಿರಲಿ ಅಂತ ದಿಬ್ಬ’ ಎಂದು. ಅರ್ಧ ಮಾತ್ರ ನಿಜ. ಲೆಕ್ಕ ಹಾಕೋಣ.

1930ರ ಸುಮಾರಿನ ಸೆಡಾನಿನ ಮಾಡು ನೆಲದಿಂದ 1.75 ಮೀಟರ್, ಕೂತವರ ಕಣ್ಣು 1.4 ಮೀಟರ್ ಇಟ್ಟುಕೊಳ್ಳಿ. ನೆಲ ಸಮತಟ್ಟು. ಮುಂದಿನ ಕಾರಿನ ಮಾಡು ಕಣ್ಣಿನಿಂದ 13 ಮೀಟರ್ ದೂರದಲ್ಲಿದ್ದರೆ ಅದನ್ನು ದಾಟಿ ನೋಡಲು ಒಂದೂವರೆ ಡಿಗ್ರಿ ಮೇಲೆ ನೋಡಿದರೆ ಸಾಕು. 120 ಮೀಟರಿನ ಕೊನೆ ಸಾಲಿಗೂ ಪರದೆಯ ಕೆಳ ಅಂಚು ಕಾಣಬೇಕಾದರೆ ಅದು ನೆಲದಿಂದ 4.6 ಮೀಟರ್ ಮೇಲಿರಬೇಕು. ಅಷ್ಟೇ. ಪರದೆಯನ್ನು ಕಟ್ಟಡದ ಮೇಲೆ ಎತ್ತಿ ಕೂರಿಸಿದರೆ ದಿಬ್ಬವಿಲ್ಲದೆಯೂ ಮುಂದಿನ ಕಾರು ಅಡ್ಡ ಬರುವುದಿಲ್ಲ.

ದಿಬ್ಬ ಬೇಕಾಗಿದ್ದು ಸ್ವಂತ ಕಾರಿನ ಮಾಡಿನ ಕಾಟಕ್ಕೆ. ಪರದೆ ಮೇಲೇರಿತು, ಅದರ ಮೇಲಂಚು ಈಗ ಸುಮಾರು 15.7 ಮೀಟರಿನಲ್ಲಿದೆ. 30 ಮೀಟರ್ ದೂರದ ಮೊದಲ ಸಾಲಿನಿಂದ ಅದನ್ನು ನೋಡಲು 25 ಡಿಗ್ರಿ ತಲೆಯೆತ್ತಬೇಕು. ಆಗಿನ ಕಾರುಗಳ ಮುಂಗಾಜು ಗಿಡ್ಡ, ನೆಟ್ಟಗೆ ನಿಂತದ್ದು, ಮೇಲೆ ಮಾಡಿನ ಅಂಚು ಮುಂದಕ್ಕೆ ಚಾಚಿದ್ದು. ಅಷ್ಟು ಮೇಲೆ ಕಾಣುವುದೇ ಇಲ್ಲ, ಹಿಂದಿನ ಸೀಟಿನವರಿಗಂತೂ ಏನೇನೂ ಇಲ್ಲ. ಕಾರಿನ ಮೂತಿಯನ್ನೇ ಎತ್ತಿದರೆ ಗಾಜು ಪರದೆಯ ಕಡೆ ತಿರುಗುತ್ತದೆ. 2.7 ಮೀಟರ್ ಚಕ್ರಾಂತರದ ಕಾರನ್ನು 5 ಡಿಗ್ರಿ ಎತ್ತಲು ಮುಂಚಕ್ರ 24 ಸೆಂಟಿಮೀಟರ್ ಏರಬೇಕು. 10 ಡಿಗ್ರಿಗೆ 47. ಮುಂದಿನ ಸಾಲಿಗೆ ಕಡಿದು, ಹಿಂದೆ ಹೋದ ಹಾಗೆ ಚಪ್ಪಟೆ. ಒಂದೇ ಅಳತೆಯ ದಿಬ್ಬವನ್ನು ಎಲ್ಲ ಸಾಲಿಗೂ ಹಾಕಿದರೆ ಹಿಂದಿನ ಸಾಲಿನವರಿಗೆ ಬಾನೆಟ್ಟೇ ಅಡ್ಡ.

ಮಣ್ಣಿನ ದಿಬ್ಬದ ದೊಡ್ಡ ಶತ್ರು ನೀರು. ಎರಡು ದಿಬ್ಬದ ನಡುವಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಅದರಲ್ಲೇ ಕಾರು ಓಡಾಡಬೇಕು. ಜಲ್ಲಿ ಅಥವಾ ಡಾಂಬರು ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಚಕ್ರದ ಗುಂಡಿ ಬಿದ್ದು ಕೋನವೆಲ್ಲ ಕೆಡುತ್ತದೆ. ಪ್ರತಿ ತಗ್ಗಿಗೂ ಪಕ್ಕಕ್ಕೆ ಇಳಿಯುವ ಚರಂಡಿ ಕಡ್ಡಾಯ.

400 ಕಾರಿನ ಮಾತೂ ಸ್ವಲ್ಪ ಪರೀಕ್ಷೆ ಮಾಡಬೇಕು. ಮೇಲಿನ ಏಳು ಸಾಲಿನ ಅಳತೆಗೇ ಪರದೆಯ ಮಧ್ಯರೇಖೆಯಿಂದ ಎರಡೂ ಕಡೆ 45 ಡಿಗ್ರಿಯೊಳಗೆ ಕಮಾನು ಎಳೆದರೆ ಏಳರ ಒಟ್ಟು ಉದ್ದ 825 ಮೀಟರ್. ಕಾರಿಗೆ 2.6 ಮೀಟರ್ ಅಗಲ ಕೊಟ್ಟರೆ 317 ಕಾರು. ಉಳಿದವು ಇನ್ನೂ ಪಕ್ಕಕ್ಕೆ ಹೋಗಬೇಕು. 45 ಡಿಗ್ರಿಯಲ್ಲೇ ಚಿತ್ರ ಅಗಲದಲ್ಲಿ ನೂರಕ್ಕೆ 30 ಭಾಗ ಕುಗ್ಗಿ ಕಾಣುತ್ತದೆ, ಅದರಾಚೆ ಮುಖಗಳೆಲ್ಲ ಸಪೂರ. ಹಾಗಾಗಿ 400 ಅನ್ನುವುದು ಕಾರು ನಿಲ್ಲಿಸುವ ಲೆಕ್ಕ. ನೆಟ್ಟಗೆ ಸಿನಿಮಾ ನೋಡುವವರ ಲೆಕ್ಕ ಅದಕ್ಕಿಂತ ಕಡಿಮೆಯೇ.

ಮಲ್ನಾಡ್_ಮ್ಯಾಟಿನಿ

‘ಜಗತ್ತಿನ ಮೊದಲ’ ಅಂತ ಶೀರ್ಷಿಕೆಯಲ್ಲಿ ಹಾಕಿದ್ದಕ್ಕೆ ನನ್ನ ತಕರಾರಿದೆ. ನ್ಯೂ ಮೆಕ್ಸಿಕೋದ ಲಾಸ್ ಕ್ರೂಸಸ್‌ನಲ್ಲಿ 1915ರ ಏಪ್ರಿಲ್ 23ಕ್ಕೇ ‘ಥಿಯೇಟರ್ ಡಿ ಗ್ವಾಡಲೂಪೆ’ ತೆರೆದಿತ್ತು. 700 ಜನಕ್ಕೆ ಆಸನ, ಜೊತೆಗೆ 40 ಕಾರು ಒಳಗೇ ನಿಲ್ಲಿಸಿ ನೋಡುವ ಜಾಗ.

ಹಳೇಪ್ರಿಂಟ್

ಅದು ನಿಜ, ಆದರೆ ಅದು ಕಾರಿಗೂ ಜಾಗ ಕೊಟ್ಟ ಬಯಲು ಥಿಯೇಟರು, ಅದೂ ಮೂಕಿ ಚಿತ್ರದ ಕಾಲದ್ದು. ಕಾರಿಗೆಂದೇ ನೆಲ ಕೆತ್ತಿದ್ದು, ಮಾತಿನ ಚಿತ್ರ ತೋರಿಸಿದ್ದು, ಪೇಟೆಂಟ್ ಪಡೆದದ್ದು ಕ್ಯಾಮ್ಡೆನ್. ಶೀರ್ಷಿಕೆ ಇರಲಿ ಬಿಡಿ.

ಈಗ ನನ್ನ ಮುಖ್ಯ ವಾದ. ಶಬ್ದ ಕೆಟ್ಟದ್ದಾಗಿತ್ತು, ಒಪ್ಪಿದೆ. ಆದರೆ ಅದೇ ಕೆಟ್ಟ ಶಬ್ದ ಇಟ್ಟುಕೊಂಡು ಪೆನ್ಸಿಲ್ವೇನಿಯಾದ ಓರ್‌ಫೀಲ್ಡ್‌ನಲ್ಲಿ ಶಾಂಕ್‌ವೈಲರ್ಸ್ 1934ರ ಏಪ್ರಿಲಿನಲ್ಲಿ ತೆರೆಯಿತು, ಇವತ್ತಿಗೂ ನಡೆಯುತ್ತಿದೆ. ಲಾಸ್ ಏಂಜಲೀಸಿನ ಪಿಕೋ ಕೂಡ 1934ರದ್ದೇ. ಶಬ್ದವೊಂದೇ ಕೊಲ್ಲುವುದಾದರೆ ಅವೂ ಸಾಯಬೇಕಿತ್ತು. ಕ್ಯಾಮ್ಡೆನ್ನನ್ನು ಮುಗಿಸಿದ್ದು ಫಿಲಂ ಬಾಡಿಗೆ.

ಮೊದಲ ದಿನ ತೋರಿಸಿದ್ದು ಅಡಾಲ್ಫ್ ಮೆಂಜೂ ನಟಿಸಿದ ‘ವೈವ್ಸ್ ಬಿವೇರ್’. 1932ರ ಬ್ರಿಟಿಷ್ ಚಿತ್ರ, ಬೇರೆ ಕಡೆ ಓಡಿ ಹಳತಾಗಿದ್ದದ್ದು. ಅದಕ್ಕೆ ನಾಲ್ಕು ದಿನಕ್ಕೆ 400 ಡಾಲರ್ ಬಾಡಿಗೆ. ಅದೇ ಚಿತ್ರಕ್ಕೆ ದಕ್ಷಿಣ ಕ್ಯಾಮ್ಡೆನ್ನಿನ ಒಂದು ಸಣ್ಣ ಥಿಯೇಟರ್ ಕೊಟ್ಟಿದ್ದು ವಾರಕ್ಕೆ 20 ಡಾಲರ್. ವಿತರಕರಿಗೆ ಈ ಹೊಸ ಬಗೆಯ ಥಿಯೇಟರ್ ಬೇಕಿರಲಿಲ್ಲ. ದೊಡ್ಡ ಸ್ಟುಡಿಯೋಗಳದ್ದೇ ಥಿಯೇಟರ್ ಸರಣಿಗಳಿದ್ದವು. ತಮ್ಮ ಗಿರಾಕಿಯನ್ನು ಬಯಲಿಗೆ ಕಳಿಸಲು ಅವರಿಗೇನು ಗ್ರಹಚಾರ?

ಲೆಕ್ಕ ನೋಡಿ. ದಿನಕ್ಕೆ 100 ಡಾಲರ್ ಬರೀ ಫಿಲಂಗೆ. ಗಂಡ-ಹೆಂಡತಿ ಇಬ್ಬರೇ ಬಂದರೆ ಕಾರಿಗೆ ಮುಕ್ಕಾಲು ಡಾಲರ್. ಬಾಡಿಗೆ ಹುಟ್ಟಲು 134 ಕಾರು ಬರಬೇಕು. ಆಮೇಲೆ ಆಪರೇಟರು, ಕರೆಂಟು, ನೆಲದ ಖರ್ಚು, ಕಟ್ಟಿದ ಸಾಲ. ನ್ಯೂಜೆರ್ಸಿಯ ಚಳಿಯಲ್ಲಿ ತಿಂಗಳುಗಟ್ಟಲೆ ಮುಚ್ಚಿರಬೇಕು, ಬೇಸಿಗೆಯಲ್ಲೂ ಮಳೆ ಬಂದ ದಿನ ಖಾಲಿ.

ಗಿರಾಕಿಯ ಕಡೆಯಿಂದಲೂ ನೋಡಿ. ಆಗ ಅಮೆರಿಕದಲ್ಲಿ ಸಿನಿಮಾ ಟಿಕೆಟ್ಟಿನ ಸರಾಸರಿ ಬೆಲೆ ಸುಮಾರು 23 ಸೆಂಟ್. ಇಬ್ಬರಿಗೆ ಪೇಟೆಯಲ್ಲಿ 46 ಸೆಂಟ್, ಮೆತ್ತನೆ ಸೀಟು, ಹೊಸ ಚಿತ್ರ, ಒಳ್ಳೆ ಶಬ್ದ. ಇಲ್ಲಿ 75 ಸೆಂಟ್, ಹಳೇ ಚಿತ್ರ, ಕೇಳಿಸದ ಮಾತು. ಮಕ್ಕಳು ಮರಿ ಸೇರಿ ಐದಾರು ಜನ ತುಂಬಿ ಬಂದರೆ ಮಾತ್ರ ಒಂದು ಡಾಲರಿನ ಮಿತಿ ಲಾಭ. ‘ಮಕ್ಕಳು ಎಷ್ಟೇ ಗಲಾಟೆ ಮಾಡಲಿ, ಇಡೀ ಮನೆಯವರು ಬನ್ನಿ’ ಅಂತ ಜಾಹೀರಾತು ಕೊಟ್ಟಿದ್ದು ಸುಮ್ಮನೆ ಅಲ್ಲ.

ಕೊನೆಗೆ ಹಾಲಿಂಗ್ಸ್‌ಹೆಡ್ ಅದನ್ನು ನ್ಯೂಜೆರ್ಸಿಯದೇ ಯೂನಿಯನ್ ಊರಿನ ಥಿಯೇಟರ್ ಮಾಲೀಕರೊಬ್ಬರಿಗೆ ಮಾರಿದ.

ಬಯಲುಪರದೆ

ಈ ಬಾಡಿಗೆ ತಾರತಮ್ಯ ಯಾವಾಗ ನಿಂತಿತು?

ಹಳೇಪ್ರಿಂಟ್

ನ್ಯಾಯಾಲಯದಲ್ಲಿ. ಸ್ಟುಡಿಯೋಗಳು ಥಿಯೇಟರುಗಳನ್ನೂ ಹಿಡಿದಿಟ್ಟುಕೊಳ್ಳುವುದಕ್ಕೆ 1948ರ ಪ್ಯಾರಮೌಂಟ್ ತೀರ್ಪು ಕಡಿವಾಣ ಹಾಕಿತು. ಡ್ರೈವ್-ಇನ್‌ಗೇ ನೇರ ಸಂಬಂಧಪಟ್ಟಿದ್ದು ಮಿಲ್‌ಗ್ರಾಮ್ ಮೊಕದ್ದಮೆ. ಪೆನ್ಸಿಲ್ವೇನಿಯಾದ ಅಲೆನ್‌ಟೌನ್ ಬಳಿಯ ಬೋಲೆವಾರ್ಡ್ ಡ್ರೈವ್-ಇನ್ ಮೊದಲ ಬಿಡುಗಡೆಯ ಚಿತ್ರ ಕೇಳಿತು. ವಿತರಕರು ಒಬ್ಬೊಬ್ಬರಾಗಿ, ಆದರೆ ಎಲ್ಲರೂ ಒಂದೇ ರಾಗದಲ್ಲಿ, ಕೊಡುವುದಿಲ್ಲ ಎಂದರು. ಹೆಚ್ಚು ದುಡ್ಡು ಕೊಡುತ್ತೇನೆ ಅಂದರೂ ಬೇಡ ಅನ್ನುವುದು ವ್ಯಾಪಾರದ ಬುದ್ಧಿಯಲ್ಲ, ಒಳಒಪ್ಪಂದ ಅಂತ 1951ರಲ್ಲಿ ಅಮೆರಿಕದ ಮೂರನೇ ಸರ್ಕ್ಯೂಟ್ (ವಲಯ) ಮೇಲ್ಮನವಿ ನ್ಯಾಯಾಲಯ ಹೇಳಿತು. ಕ್ಯಾಮ್ಡೆನ್ನಿಗೆ ಅದು ಹದಿನೈದು ವರ್ಷ ತಡ.

ಕರಾರುಪತ್ರ

ಪೇಟೆಂಟಿನ ಪಾಲನ್ನು ಮರೆಯಬೇಡಿ. ಮೊದಲ ಥಿಯೇಟರನ್ನು ಅದು ಕೊಲ್ಲಲಿಲ್ಲ, ಆದರೆ ಅದರ ಮರಿಗಳು ಹುಟ್ಟದ ಹಾಗೆ ತಡೆಯಿತು. ಹಾಲಿಂಗ್ಸ್‌ಹೆಡ್ ಮತ್ತು ಪಾಲುದಾರರ ಪಾರ್ಕ್-ಇನ್ ಥಿಯೇಟರ್ಸ್ ಕಂಪನಿ ಬೇರೆಯವರಿಂದ ರಾಯಧನ ಕೇಳುತ್ತಿತ್ತು. ಕೆಲವರು ಕೊಟ್ಟರು, ಕೆಲವರು ನಕಲು ಮಾಡಿ ಕೋರ್ಟಿಗೆ ಹೋದರು. ಪೇಟೆಂಟಿನ ಹಕ್ಕುಗಳಲ್ಲಿ ಮುಖ್ಯವಾದವು ಮೂರು: ಪರದೆಯ ಎದುರು ಕಮಾನಿನಾಕಾರದ ಸಾಲು, ಮೂತಿ ಎತ್ತುವ ಇಳಿಜಾರು, ಸಾಲುಗಳ ನಡುವೆ ಬೇರೆಯವರಿಗೆ ತೊಂದರೆಯಾಗದೆ ಒಳಬಂದು ಹೊರಹೋಗುವ ದಾರಿ.

1949ರಲ್ಲಿ ಲೋಯಿಸ್ ಡ್ರೈವ್-ಇನ್ ವಿರುದ್ಧದ ಮೊಕದ್ದಮೆಯಲ್ಲಿ ಮೊದಲನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಇದನ್ನು ಅಸಿಂಧು ಎಂದಿತು. ತರ್ಕ ಸರಳ: ಕಮಾನು ಸಾಲು, ಇಳಿಜಾರು ನೆಲ ಹಳೆಯ ನಾಟಕಶಾಲೆಗಳಲ್ಲೇ ಇದ್ದವು. ಕುರ್ಚಿಯ ಜಾಗದಲ್ಲಿ ಕಾರು ಇಟ್ಟದ್ದು ಪೇಟೆಂಟಿಗೆ ಅರ್ಹವಾದ ಆವಿಷ್ಕಾರವಲ್ಲ. ನನಗೆ ಈ ತೀರ್ಪು ಸ್ವಲ್ಪ ಕಟುವೆನಿಸುತ್ತದೆ. ಇಳಿಜಾರು ಅವರೇ ಮೇಲೆ ತೋರಿಸಿದ ಹಾಗೆ, ಕಾರಿನ ಮಾಡಿನ ಸಮಸ್ಯೆ ಕುರ್ಚಿಗೆ ಇಲ್ಲ. ಆದರೆ ಫಲ ಮಾತ್ರ ಸ್ಪಷ್ಟ: ರಾಯಧನದ ಭಯ ಹೋದ ಮೇಲಿನ ಹತ್ತು ವರ್ಷದಲ್ಲೇ ಸಂಖ್ಯೆ ತುತ್ತತುದಿ ಮುಟ್ಟಿತು. ಯುದ್ಧಕಾಲದ ಪೆಟ್ರೋಲು, ಟೈರು ರೇಷನ್ ಮುಗಿದಿದ್ದೂ ಕಾರಣ ಅನ್ನಿ.

ಧ್ವನಿಪೆಟ್ಟಿಗೆ

ಶಾಂಕ್‌ವೈಲರ್ಸ್ ಉಳಿದದ್ದಕ್ಕೆ ಉತ್ತರ: ಅದು ಹಳ್ಳಿಯ ಕಡೆ, ಸುತ್ತ ಮನೆಗಳಿಲ್ಲ, ನೆಲದ ಬೆಲೆ ಕಡಿಮೆ. ಶಬ್ದ ಎಷ್ಟು ಜೋರಿಟ್ಟರೂ ಕೇಳುವವರಿಲ್ಲ. ನಗರದ ಅಂಚಿನಲ್ಲಿ ಆ ಸೌಕರ್ಯವಿಲ್ಲ. ಬಾಡಿಗೆಯ ಲೆಕ್ಕ ನಾನು ಅಲ್ಲಗಳೆಯುವುದಿಲ್ಲ, ಆದರೆ 75 ಸೆಂಟ್ ಕೊಟ್ಟು ಬಂದವರು ಎರಡನೇ ಸಲ ಬಾರದಿದ್ದರೆ ಬಾಡಿಗೆ 20 ಡಾಲರಿದ್ದರೂ ಉಪಯೋಗವಿಲ್ಲ.

ಪರದೆಯ ಸ್ಪೀಕರಿಗೂ ಕಾರೊಳಗಿನ ಸ್ಪೀಕರಿಗೂ ನಡುವೆ ಇನ್ನೊಂದು ಹಂತವಿತ್ತು: ಸಾಲುಗಳ ನಡುವೆ ನೆಲಮಟ್ಟದಲ್ಲಿ ಜಾಲರಿಯ ಕೆಳಗೆ ಸಣ್ಣ ಸ್ಪೀಕರುಗಳು. ತುಟಿಹೊಂದಾಣಿಕೆ ಸರಿಹೋಯಿತು, ಆದರೆ ಜಾಲರಿಯಲ್ಲಿ ನೀರು, ಕಸ. ಕಾರಿನ ತಳಕ್ಕೆ ಬಡಿದ ಶಬ್ದ ಒಳಗೆ ಬರೀ ಗುಂಯ್ ಅನ್ನುತ್ತಿತ್ತು.

ಕಾರೊಳಗಿನ ಸ್ಪೀಕರ್ ಹೀಗೆ: ಎರಡು ಕಾರಿನ ನಡುವೆ ಒಂದು ಕಬ್ಬಿಣದ ಕಂಬ, ಮೇಲೆ ಜಂಕ್ಷನ್ ಪೆಟ್ಟಿಗೆ, ಎರಡೂ ಕಡೆ ಒಂದೊಂದು ಸ್ಪೀಕರು. ಒಳಗೆ ನಾಲ್ಕಿಂಚಿನ ಕೋನು, ಹೊರಗೆ ಎರಕದ ಲೋಹದ ಕವಚ, ಕೊಕ್ಕೆ, ದನಿ ಹೆಚ್ಚು-ಕಡಿಮೆ ಮಾಡುವ ಗುಬುಟು. ಜಂಕ್ಷನ್ ಪೆಟ್ಟಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಪ್ರೊಜೆಕ್ಟರ್ ಕೋಣೆಯಿಂದ ಹೆಚ್ಚಿನ ವೋಲ್ಟೇಜಿನಲ್ಲಿ ಕಳಿಸಿದರೆ ನೂರಾರು ಮೀಟರ್ ತಂತಿಯಲ್ಲಿ ನಷ್ಟ ಕಡಿಮೆ.

ಕೆಡುವ ಬಗೆಗಳು: ಕೊಕ್ಕೆ ಗಾಜಿನಲ್ಲೇ ಇರುವಾಗ ಕಾರು ಹೊರಡಿಸಿ ತಂತಿ ಕೀಳುವುದು, ಕೆಲವೊಮ್ಮೆ ಗಾಜೇ ಒಡೆಯುವುದು. ಇಬ್ಬನಿಗೆ ಕಾಗದದ ಕೋನು ಮೆತ್ತಗಾಗಿ ಗೊರಗೊರ. ಗುಬುಟಿನ ಒಳಗೆ ತುಕ್ಕು, ತಿರುಗಿಸಿದರೆ ಚರಚರ. ನೆಲದೊಳಗಿನ ತಂತಿಯ ಹೊದಿಕೆ ಬಿರಿದು ನೀರಿಳಿದರೆ ಇಡೀ ಸಾಲೇ ಸಣ್ಣಗಾಗುತ್ತದೆ. ಪತ್ತೆ ಮಾಡಲು ಸಾಲನ್ನು ಮಧ್ಯದಲ್ಲಿ ಕತ್ತರಿಸಿ, ಅರ್ಧರ್ಧ ಪರೀಕ್ಷಿಸುತ್ತಾ ಹೋಗಬೇಕು. ಆಟ ಶುರುವಾಗುವ ಮೊದಲು ಒಬ್ಬ ಎಲ್ಲ ಕಂಬಕ್ಕೂ ಕಿವಿಕೊಟ್ಟು ಬರುವುದು ನಿತ್ಯದ ಕೆಲಸ. ಈಗ ಶಬ್ದ ಕಾರಿನ ಎಫ್‌ಎಂ ರೇಡಿಯೋದಲ್ಲೇ ಬಂದು ಈ ತಾಪತ್ರಯ ಹೋಗಿದೆ. ಬದಲಿಗೆ ಕಾರಿನ ಬ್ಯಾಟರಿ ಇಳಿದು ಆಟ ಮುಗಿದ ಮೇಲೆ ತಳ್ಳುವುದು ಬಂದಿದೆ.

ಗಾಂಧಿನಗರ_ಗೇಟ್‌ಕೀಪರ್

ನಮ್ಮ ದೇಶಕ್ಕೆ ಬಂದಾಗ ಇದರ ರೂಪವೇ ಬೇರೆಯಾಯಿತು. ಅಹಮದಾಬಾದಿನ ಸನ್‌ಸೆಟ್ ಡ್ರೈವ್-ಇನ್ 1973ರದ್ದು, ಅಲ್ಲಿ ಕಾರಿನ ಜೊತೆಗೆ ಕಾರಿಲ್ಲದವರು ಕೂರುವ ಬಯಲು ಆಸನಗಳೂ ಇವೆ. ಲಾಸ್ ಕ್ರೂಸಸ್ ಮಾದರಿಯೇ ನಮಗೆ ಹೊಂದಿದ್ದು ಅನ್ನಬಹುದು! ಚೆನ್ನೈ ಈಸ್ಟ್ ಕೋಸ್ಟ್ ರಸ್ತೆಯ ಪ್ರಾರ್ಥನಾ ಮುಚ್ಚಿದೆ. ಮುಂಬೈಯ ಬಾಂದ್ರಾ ಕಡೆ 1977ರಲ್ಲಿ ಶುರುವಾಗಿದ್ದೂ ಹೋಯಿತು. ಬಾಂದ್ರಾದಂಥ ಕಡೆ ನೆಲದ ಬೆಲೆ ಏರಿದ ಮೇಲೆ ರಾತ್ರಿ ಒಂದೆರಡು ಆಟಕ್ಕೆ ಅಷ್ಟು ಜಾಗ ಯಾರು ಬಿಟ್ಟಾರು?

ಇಳಿಜಾರು

ನೆಲದ ಮಾತು ಬಂತಲ್ಲ, ಅದಕ್ಕೊಂದು ಅಂಕಿ. 317 ಕಾರಿನ ಮೇಲಿನ ಲೆಕ್ಕಕ್ಕೆ ಕಾಲುವೃತ್ತದಷ್ಟು ನೆಲ, ಪರದೆಯ ಹಿಂದಿನ ಜಾಗ, ಪ್ರವೇಶದ ರಸ್ತೆ ಸೇರಿ ನಾಲ್ಕೈದು ಎಕರೆ ಬೇಕು. ಅಂದರೆ ಎಕರೆಗೆ ಸುಮಾರು 70 ಕಾರು. ಪ್ರವೇಶದ ರಸ್ತೆಯನ್ನು ಉದ್ದ ಬಿಡಲೇಬೇಕು. ಟಿಕೆಟ್ ಕೊಡಲು ಕಾರಿಗೆ 20 ಸೆಕೆಂಡು ಹಿಡಿದರೂ ಒಂದೇ ಕಿಟಕಿಯಲ್ಲಿ 300 ಕಾರಿಗೆ 100 ನಿಮಿಷ. ಎರಡು ಕಿಟಕಿ ಇಟ್ಟು, ಗೇಟಿನೊಳಗೆ 50 ಕಾರು ನಿಲ್ಲುವ ಜಾಗ ಬಿಡದಿದ್ದರೆ ಸಾಲು ಹೆದ್ದಾರಿಗೆ ಹೋಗಿ ಪೊಲೀಸರು ಬರುತ್ತಾರೆ.

ಹಳೇಪ್ರಿಂಟ್

ನ್ಯೂಜೆರ್ಸಿಯ ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ: ಹ್ಯಾಜ್ಲೆಟ್‌ನ ರೂಟ್ 35 ಡ್ರೈವ್-ಇನ್ 1991ರಲ್ಲಿ ಮುಚ್ಚಿದ ಮೇಲೆ, ಡ್ರೈವ್-ಇನ್ ಹುಟ್ಟಿದ ರಾಜ್ಯದಲ್ಲೇ ಒಂದೂ ಉಳಿಯಲಿಲ್ಲ. 2004ರಲ್ಲಿ ವೈನ್‌ಲ್ಯಾಂಡ್‌ನ ಡೆಲ್ಸೀ ಮತ್ತೆ ತೆರೆಯಿತು. ಅದು 1949ರದ್ದು, 1987ರಲ್ಲಿ ಮುಚ್ಚಿದ್ದು. ಅದು ಬದುಕಿರುವುದು ತಿಂಡಿ ಅಂಗಡಿಯ ಮೇಲೆ, ಯಾಕೆಂದರೆ ಟಿಕೆಟ್ ದುಡ್ಡಿನ ದೊಡ್ಡ ಪಾಲು ಈಗಲೂ ವಿತರಕರಿಗೇ ಹೋಗುತ್ತದೆ.